ನೆರೆನೀರಿನಲ್ಲಿ ಹೈಬ್ರಿಡ್ ಕಾರು: ಚಾಲನೆಯ ಎಚ್ಚರ ಮತ್ತು ವಿಮೆಯ ಲೆಕ್ಕ

ಕಳೆದ ಕೆಲವು ವರ್ಷಗಳಿಂದ ನಮ್ಮ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವ ವಾಹನಗಳಲ್ಲಿ ಹೈಬ್ರಿಡ್ ಕಾರುಗಳಿಗೂ ಸ್ಥಾನ ದೊರೆತಿದೆ. 2022ರಲ್ಲಿ ಹೋಂಡಾ ಸಿಟಿಯ ಹೈಬ್ರಿಡ್ ಮಾದರಿ, ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಹಾಗೂ ಇನ್ನೋವಾ ಹೈಕ್ರಾಸ್ ಒಂದರ ಹಿಂದೊಂದು ಪರಿಚಯವಾದವು. ಇವುಗಳಲ್ಲಿ ಹೈರೈಡರ್ ಮತ್ತು ಹೈಕ್ರಾಸ್ ನಮ್ಮ ಬಿಡದಿಯ ಕಾರ್ಖಾನೆಯಲ್ಲಿಯೇ ತಯಾರಾಗುವಂಥವು. ಇಂಧನದ ಉಳಿತಾಯವನ್ನು ಲೆಕ್ಕ ಹಾಕಿ ಇಂತಹ ಕಾರನ್ನು ಕೊಳ್ಳುವ ಸದಸ್ಯರು, ಮಳೆಗಾಲದಲ್ಲಿ ಅದನ್ನು ನಡೆಸುವ ಕ್ರಮ ಮತ್ತು ಅದಕ್ಕೆ ಬೇಕಾದ ವಿಮೆಯ ಸ್ವರೂಪಗಳ ಬಗ್ಗೆ ಅಷ್ಟೇ ಗಮನ ನೀಡಿರುವುದು ಅಪರೂಪ.

ಈ ವಿಷಯ ಕೇವಲ ಕಾಲ್ಪನಿಕವಾದುದಲ್ಲ. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಅಂತ್ಯಗೊಂಡ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿಲಿಮೀಟರ್ ಮಳೆ ದಾಖಲಾಯಿತು. ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಮುಂತಾದೆಡೆ ರಸ್ತೆಗಳು ಕೆರೆಗಳಂತಾದವು. ನೆಲಮಾಳಿಗೆಗಳಲ್ಲಿ ನಿಲ್ಲಿಸಿದ್ದ ಕಾರುಗಳು ಮುಳುಗಿದವು. ಅದಕ್ಕೂ ಕೆಲವೇ ದಿನಗಳ ಮೊದಲು, ಆಗಸ್ಟ್ 30ರ ಮಳೆಯಿಂದ ಉಂಟಾದ ಸಂಚಾರ ಸ್ತಬ್ಧತೆಯಿಂದ ₹225 ಕೋಟಿ ನಷ್ಟವಾಗಿದೆಯೆಂದು ಹೊರವರ್ತುಲ ರಸ್ತೆಯ ಕಂಪನಿಗಳ ಸಂಘವು ಮುಖ್ಯಮಂತ್ರಿಗಳಿಗೆ ಪತ್ರ ಬರೆದಿತ್ತು. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ತುಂಬಿದ ನೀರಿಗೆ ಸಿಲುಕಿದ ಕಾರೊಂದರಲ್ಲಿದ್ದ ತರುಣಿಯೊಬ್ಬಳು ಪ್ರಾಣ ಕಳೆದುಕೊಂಡಳು. ನಗರದ ಹೃದಯಭಾಗದಲ್ಲಿ, ಹಾಡಹಗಲಿನಲ್ಲಿ, ನಿತ್ಯ ಸಾವಿರಾರು ವಾಹನಗಳು ಹಾದುಹೋಗುವ ದಾರಿಯಲ್ಲಿ ಇದು ನಡೆಯಿತು ಎಂಬುದನ್ನು ನಾವು ಮರೆಯಬಾರದು.

ಈ ಹಿನ್ನೆಲೆಯಲ್ಲಿ ಹೈಬ್ರಿಡ್ ಕಾರಿನಲ್ಲಿ ನೀರು ತರುವ ವಿಶೇಷ ಅಪಾಯಗಳು, ಚಾಲಕನು ಅನುಸರಿಸಬೇಕಾದ ಕ್ರಮ, ವಿಮೆ ಮತ್ತು ತೆರಿಗೆಯಲ್ಲಿ ಅದರ ಪರಿಣಾಮಗಳನ್ನು ಇಲ್ಲಿ ಸಂಕ್ಷಿಪ್ತವಾಗಿ ವಿವರಿಸಲಾಗಿದೆ.

ಹೈಬ್ರಿಡ್ ಕಾರು ಹೇಗೆ ಭಿನ್ನ?

ಹೈಬ್ರಿಡ್ ಎಂಬ ಹೆಸರಿನಲ್ಲಿ ಎರಡು ಬಗೆಯ ಕಾರುಗಳು ಮಾರಾಟವಾಗುತ್ತವೆ. ಮೊದಲನೆಯದು ಮೈಲ್ಡ್ ಹೈಬ್ರಿಡ್. ಇದರಲ್ಲಿ ಪೆಟ್ರೋಲ್ ಇಂಜಿನ್ನಿಗೆ ಸಣ್ಣ ಮೋಟಾರೊಂದು ನೆರವಾಗುತ್ತದೆಯೇ ಹೊರತು, ಸಾಮಾನ್ಯವಾಗಿ ಕಾರು ವಿದ್ಯುತ್ತಿನಿಂದಲೇ ಚಲಿಸುವುದಿಲ್ಲ. ಎರಡನೆಯದು ಸ್ಟ್ರಾಂಗ್ ಹೈಬ್ರಿಡ್. ಇದರಲ್ಲಿ ಕಡಿಮೆ ವೇಗದಲ್ಲಿ ಇಂಜಿನ್ ಪೂರ್ಣವಾಗಿ ನಿಂತು, ಕೇವಲ ವಿದ್ಯುತ್ ಮೋಟಾರಿನಿಂದ ಕಾರು ಚಲಿಸಬಲ್ಲದು. ಈ ಲೇಖನದ ಹೆಚ್ಚಿನ ಭಾಗವು ಎರಡನೆಯ ಬಗೆಯ ಕಾರಿಗೆ ಸಂಬಂಧಿಸಿದ್ದು.

ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಎಲ್ಲ ಕಾರುಗಳಲ್ಲಿರುವ 12 ವೋಲ್ಟ್ ಬ್ಯಾಟರಿಯಲ್ಲದೆ, ಅಧಿಕ ವೋಲ್ಟೇಜಿನ ಇನ್ನೊಂದು ಬ್ಯಾಟರಿಯಿರುತ್ತದೆ. ಕೆಲವು ಮಾದರಿಗಳಲ್ಲಿ ಅದು ಹಿಂಬದಿಯ ಡಿಕ್ಕಿಯ ತಳದಲ್ಲಿಯೂ, ಇನ್ನು ಕೆಲವುಗಳಲ್ಲಿ ಆಸನಗಳ ಕೆಳಗೂ ಇರುತ್ತದೆ. ಗಾಳಿಯಿಂದ ತಂಪಾಗುವ ಬ್ಯಾಟರಿಗಳಿಗೆ ಆ ಗಾಳಿಯು ಕಾರಿನ ಒಳಭಾಗದಿಂದಲೇ, ಆಸನದ ಬಳಿಯ ಕಿಂಡಿಯೊಂದರ ಮೂಲಕ ದೊರೆಯುತ್ತದೆ. ಆದ್ದರಿಂದ ಸಾಮಾನ್ಯ ಕಾರಿನಲ್ಲಿ ರತ್ನಗಂಬಳಿಯನ್ನು ನೆನೆಸಿ ಹೋಗುವ ನೀರು, ಹೈಬ್ರಿಡ್ ಕಾರಿನಲ್ಲಿ ಅತ್ಯಂತ ಬೆಲೆಬಾಳುವ ಭಾಗಕ್ಕೇ ದಾರಿ ಮಾಡಿಕೊಳ್ಳುವ ಸಂಭವವಿದೆ.

ಈ ವಿದ್ಯುತ್ ವ್ಯವಸ್ಥೆಯಿಂದ ನೀರಿನಲ್ಲಿರುವವರಿಗೆ ಶಾಕ್ ತಗಲುವುದೇ ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಅಧಿಕ ವೋಲ್ಟೇಜಿನ ವ್ಯವಸ್ಥೆಯನ್ನು ಕಾರಿನ ಲೋಹದ ಮೈಯಿಂದ ಪ್ರತ್ಯೇಕಿಸಿ ನಿರ್ಮಿಸಲಾಗಿರುತ್ತದೆ; ಸೋರಿಕೆ ಕಂಡುಬಂದರೆ ಎಚ್ಚರಿಸುವ ಮತ್ತು ಸಂಪರ್ಕವನ್ನು ಕಡಿಯುವ ಏರ್ಪಾಡುಗಳೂ ಇರುತ್ತವೆ. ಆದಕಾರಣ ಆ ಭಯದಿಂದ ಮುಳುಗುತ್ತಿರುವ ಕಾರಿನೊಳಗೇ ಕುಳಿತಿರುವುದು ಸರ್ವಥಾ ತಪ್ಪು. ಆದರೆ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನಾಗಲೀ ಅವು ಸೇರುವ ಪೆಟ್ಟಿಗೆಗಳನ್ನಾಗಲೀ ತರಬೇತಿ ಪಡೆದ ತಂತ್ರಜ್ಞರ ಹೊರತು ಇತರರು ಮುಟ್ಟಕೂಡದು.

ಇಂಜಿನ್ನಿಗೆ ನೀರು ಹೊಕ್ಕಾಗ

ಇಂಜಿನ್ನಿನ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರುವಾಗ ಗಾಳಿಯನ್ನು ಒತ್ತುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸುಮಾರು 1,500 ಸಿ.ಸಿ.ಯ ಮೂರು ಸಿಲಿಂಡರುಗಳ ಇಂಜಿನ್ನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪ್ರತಿ ಸಿಲಿಂಡರಿನ ಪಾಲು 500 ಸಿ.ಸಿ. ಸಂಪೀಡನ ಅನುಪಾತ 13:1 ಎಂದಿಟ್ಟುಕೊಂಡರೆ, ಪಿಸ್ಟನ್ ತುತ್ತತುದಿಯಲ್ಲಿದ್ದಾಗ ಉಳಿಯುವ ಜಾಗ ಸುಮಾರು 42 ಮಿಲಿಲೀಟರ್ ಮಾತ್ರ. ಅಂದರೆ ದರ್ಶಿನಿಯ ಬೈಟು ಕಾಫಿಗಿಂತಲೂ ಕಡಿಮೆ ನೀರು ಒಂದು ಸಿಲಿಂಡರಿಗೆ ಸೇರಿದರೆ ಸಾಕು, ಪಿಸ್ಟನ್ ಮೇಲೇರಲಾರದು. ಆಗ ಅದನ್ನು ತಳ್ಳುತ್ತಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ಮುರಿದು ಇಂಜಿನ್ನಿನ ಮೈಯನ್ನೇ ಸೀಳುತ್ತದೆ. ಇದನ್ನೇ ಹೈಡ್ರೋಸ್ಟ್ಯಾಟಿಕ್ ಲಾಕ್ ಎನ್ನುತ್ತಾರೆ.

ಈ ಅಪಾಯ ಎಲ್ಲ ಪೆಟ್ರೋಲ್, ಡೀಸೆಲ್ ವಾಹನಗಳಿಗೂ ಸಮಾನ. ಆದರೆ ಹೈಬ್ರಿಡ್ ಕಾರಿನಲ್ಲಿ ಮೂರು ವಿಶೇಷಗಳಿವೆ.

1. ಸಾಮಾನ್ಯ ಕಾರಿನಲ್ಲಿ ಇಂಜಿನ್ ನಿಂತರೆ ಚಾಲಕನಿಗೆ ತಕ್ಷಣ ತಿಳಿಯುತ್ತದೆ. ಹೈಬ್ರಿಡ್ ಕಾರಿನಲ್ಲಿ ಇಂಜಿನ್ ನಿಶ್ಶಬ್ದವಾಗಿರುವುದು ನಿತ್ಯದ ಸಂಗತಿ. ನೀರಿನಿಂದ ನಿಂತಿತೋ, ತನ್ನ ಕ್ರಮದಂತೆ ನಿಂತಿತೋ ಎಂಬುದನ್ನು ಕಿವಿಯಿಂದ ನಿರ್ಣಯಿಸಲಾಗದು.

2. ವಿದ್ಯುತ್ತಿನಿಂದಲೇ ಸಾಗುತ್ತಿದ್ದೇವೆ, ಇಂಜಿನ್ನಿಗೆ ಅಪಾಯವಿಲ್ಲ ಎಂದು ಚಾಲಕನು ಭಾವಿಸಬಹುದು. ಬ್ಯಾಟರಿಯ ಶಕ್ತಿ ಇಳಿದಾಗ, ಹವಾನಿಯಂತ್ರಣದ ಹೊರೆ ಹೆಚ್ಚಿದಾಗ ಅಥವಾ ಆಕ್ಸಿಲರೇಟರನ್ನು ತುಸು ಒತ್ತಿದಾಗ ಗಣಕ ವ್ಯವಸ್ಥೆಯು ಚಾಲಕನನ್ನು ಕೇಳದೆ ಇಂಜಿನ್ನನ್ನು ಚಾಲೂ ಮಾಡುತ್ತದೆ. ಅದು ನೀರಿನ ನಡುವೆಯೂ ಆಗಬಹುದು. ಪ್ರಬಲವಾದ ಮೋಟಾರು ಇಂಜಿನ್ನನ್ನು ತಿರುಗಿಸುವಾಗ ಸಿಲಿಂಡರಿನಲ್ಲಿ ನೀರಿದ್ದರೆ ಪರಿಣಾಮವನ್ನು ಊಹಿಸಬಹುದು.

3. ಸಾಮಾನ್ಯ ಕಾರಿನಲ್ಲಿ ಇಂಜಿನ್ ಓಡುತ್ತಿರುವವರೆಗೆ ಹೊಗೆ ಕೊಳವೆಯಿಂದ ಹೊರಬರುವ ಒತ್ತಡವು ನೀರನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಇಂಜಿನ್ ನಿಂತಿರುವ ಹೈಬ್ರಿಡ್ ಕಾರಿಗೆ ಆ ರಕ್ಷಣೆಯಿಲ್ಲ. ಮೊದಲ ಗೇರಿನಲ್ಲಿ ಕ್ಲಚ್ ಹಿಡಿದು ಇಂಜಿನ್ನನ್ನು ಜೋರಾಗಿ ಓಡಿಸುತ್ತಾ ದಾಟುವ ಹಳೆಯ ಚಾಲಕರ ಉಪಾಯವೂ ಇಲ್ಲಿ ನಡೆಯದು. ಒತ್ತಲು ಕ್ಲಚ್ ಪೆಡಲೇ ಇಲ್ಲ.

ಎಷ್ಟು ನೀರು ಅಪಾಯಕಾರಿ?

ಅರ್ಧ ಅಡಿ ನೀರು ಬಹುತೇಕ ಕಾರುಗಳ ತಳವನ್ನು ಮುಟ್ಟುತ್ತದೆ. ಹರಿಯುವ ನೀರು ಒಂದಡಿಯಿದ್ದರೆ ಸಣ್ಣ ಕಾರುಗಳು ಹಿಡಿತ ತಪ್ಪಬಹುದು. ಎರಡಡಿಯ ಪ್ರವಾಹವು ದೊಡ್ಡ ಎಸ್‌ಯುವಿಗಳನ್ನೂ ಒಯ್ಯಬಲ್ಲದು. ಭಾರಿ ಕಾರು ತೇಲುವುದು ಹೇಗೆಂದು ಸಂಶಯಪಡುವವರು ಈ ಲೆಕ್ಕವನ್ನು ಗಮನಿಸಬಹುದು.

ಕಾರಿನ ತಳದ ಪರಿಣಾಮಕಾರಿ ವಿಸ್ತೀರ್ಣ 6 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಒಂದು ಘನ ಮೀಟರ್ ನೀರಿನ ತೂಕ 1,000 ಕಿಲೋ. ಕಾರಿನ ತಳದಿಂದ ಮೇಲೆ ನೀರು ಏರುವ ಪ್ರತಿ 10 ಸೆಂಟಿಮೀಟರಿಗೆ 600 ಕಿಲೋ ಭಾರವನ್ನು ನೀರೇ ಎತ್ತಿಹಿಡಿಯುತ್ತದೆ. 1,300 ಕಿಲೋ ತೂಕದ ಕಾರು ತೇಲಲು ಸುಮಾರು 22 ಸೆಂಟಿಮೀಟರ್ ಸಾಕು. ನೆಲದಿಂದ ತಳದವರೆಗಿನ 20 ಸೆಂಟಿಮೀಟರನ್ನು ಕೂಡಿಸಿದರೆ ಒಟ್ಟು 42 ಸೆಂಟಿಮೀಟರ್. ಅಂದರೆ ಒಂದೂವರೆ ಅಡಿಗೂ ಕಡಿಮೆ. ಪೂರ್ತಿ ತೇಲುವ ಮೊದಲೇ ಚಕ್ರಗಳ ಮೇಲಿನ ಭಾರ ಇಳಿಯುವುದರಿಂದ ಸ್ಟಿಯರಿಂಗ್ ಮತ್ತು ಬ್ರೇಕುಗಳು ಹೇಳಿದ ಮಾತು ಕೇಳುವುದಿಲ್ಲ. ಕಾರು ಹೊಸದಾಗಿದ್ದು ಬಾಗಿಲುಗಳ ರಬ್ಬರು ಬಿಗಿಯಾಗಿದ್ದಷ್ಟೂ ನೀರು ಒಳಬರುವುದು ತಡವಾಗಿ, ಅದು ದೋಣಿಯಂತೆ ವರ್ತಿಸುತ್ತದೆ.

ಗಾಳಿಯನ್ನು ಒಳಗೆಳೆಯುವ ಕೊಳವೆಯ ಬಾಯಿ ಸಾಮಾನ್ಯವಾಗಿ ಬಾನೆಟ್ಟಿನ ಮುಂಭಾಗದಲ್ಲಿ, ದೀಪಗಳ ಎತ್ತರದ ಆಸುಪಾಸಿನಲ್ಲಿರುತ್ತದೆ. ನಿಂತ ನೀರು ಅಷ್ಟು ಎತ್ತರವಿಲ್ಲದಿದ್ದರೂ, ವೇಗವಾಗಿ ನುಗ್ಗಿದಾಗ ಎದ್ದ ಅಲೆಯಾಗಲೀ ಎದುರಿನ ಬಸ್ಸು ತಳ್ಳಿದ ಅಲೆಯಾಗಲೀ ಅಲ್ಲಿಗೆ ತಲುಪಬಹುದು. ಆದುದರಿಂದ ಆಳದಷ್ಟೇ ವೇಗವೂ ಮುಖ್ಯ.

ಚಾಲನೆಯಲ್ಲಿ ಅನುಸರಿಸಬೇಕಾದ ಕ್ರಮ

ಮೊದಲ ನಿಯಮವೆಂದರೆ ಆಳ ತಿಳಿಯದ ನೀರಿಗೆ ಇಳಿಯದಿರುವುದು. ರಸ್ತೆಯ ಅಂಚಿನ ಕಲ್ಲು ಮತ್ತು ವಿಭಜಕದ ತಳ ಕಾಣದಿದ್ದರೆ, ನೀರು ಹರಿಯುತ್ತಿದ್ದರೆ, ಅಥವಾ ದಾರಿಯು ಕೆಳಸೇತುವೆಯದಾಗಿದ್ದರೆ ಹಿಂದಿರುಗುವುದೇ ಸರಿ. ಕೆಳಸೇತುವೆಯ ಆಕಾರವೇ ಬೋಗುಣಿಯಂಥದು. ಬಾಯಲ್ಲಿ ಅರ್ಧ ಅಡಿ ಕಂಡ ನೀರು ನಡುವೆ ಆಳಾಳವಾಗಿರುತ್ತದೆ. ರಾಜಕಾಲುವೆಯ ಪಕ್ಕದ ರಸ್ತೆಯಲ್ಲಿ ರಸ್ತೆ ಯಾವುದು, ಕಾಲುವೆ ಯಾವುದು ಎಂಬ ಗುರುತೇ ಅಳಿಸಿಹೋಗಿರುತ್ತದೆ.

ನೀರು ನಿಂತಿದ್ದು, ಆಳ ಅರ್ಧ ಅಡಿಯೊಳಗೆ ಎಂಬುದು ಖಚಿತವಿದ್ದು, ದಾಟುವುದು ಅನಿವಾರ್ಯವಾದಾಗ ಈ ಕೆಳಗಿನ ಸೂಚನೆಗಳನ್ನು ಪಾಲಿಸಬೇಕು.

1. ವಾಹನದ ಕೈಪಿಡಿಯಲ್ಲಿ ನೀರಿನ ಆಳದ ಬಗ್ಗೆ ನೀಡಿರುವ ಎಚ್ಚರಿಕೆಯನ್ನು ಮಳೆಗಾಲಕ್ಕೆ ಮೊದಲೇ ಓದಿರಬೇಕು.

2. ಹವಾನಿಯಂತ್ರಣವನ್ನು ನಿಲ್ಲಿಸಬೇಕು. ಇದರಿಂದ ಬ್ಯಾಟರಿಯ ಹೊರೆ ಇಳಿಯುತ್ತದೆ; ಮುಂಭಾಗದ ಫ್ಯಾನು ನೀರನ್ನು ಎರಚುವುದೂ ತಪ್ಪುತ್ತದೆ.

3. ಮೈಲ್ಡ್ ಹೈಬ್ರಿಡ್ ಕಾರಿನಲ್ಲಿ ಸಿಗ್ನಲ್‌ಗಳಲ್ಲಿ ಇಂಜಿನ್ನನ್ನು ತಾನಾಗಿ ನಿಲ್ಲಿಸುವ ಏರ್ಪಾಡನ್ನು ಅದರ ಗುಂಡಿಯಿಂದ ರದ್ದುಪಡಿಸಿಕೊಳ್ಳಬೇಕು.

4. ಸ್ಟ್ರಾಂಗ್ ಹೈಬ್ರಿಡ್ ಕಾರಿನಲ್ಲಿ ವಿದ್ಯುತ್ ಚಾಲನೆಯ ಗುಂಡಿಯನ್ನು ಒತ್ತಿ ಇಂಜಿನ್ ಚಾಲೂ ಆಗುವುದಿಲ್ಲವೆಂದು ನಂಬಬಾರದು. ಆ ಗುಂಡಿಯ ಆದೇಶವನ್ನು ವ್ಯವಸ್ಥೆಯು ಯಾವಾಗ ಬೇಕಾದರೂ ಮೀರಬಲ್ಲದು.

5. ಎದುರಿನ ವಾಹನವು ದಾಟಿ ಹೋಗುವವರೆಗೆ ಕಾದು, ಮನುಷ್ಯನ ನಡಿಗೆಯ ವೇಗದಲ್ಲಿ, ಆಕ್ಸಿಲರೇಟರನ್ನು ಒಂದೇ ಸಮನೆ ಹಿಡಿದು ಸಾಗಬೇಕು. ಲಾರಿ, ಬಸ್ಸುಗಳ ಬೆನ್ನಹಿಂದೆಯೇ ಹೋಗಕೂಡದು. ಅವುಗಳಿಗೆ ದಾರಿಯಾದುದು ನಮಗೆ ದಾರಿಯಾಗಬೇಕೆಂದಿಲ್ಲ.

6. ದಾಟಿದ ನಂತರ ಬ್ರೇಕನ್ನು ಮೆಲ್ಲಗೆ ಕೆಲವು ಬಾರಿ ಒತ್ತಿ, ಹಿಡಿತ ಮರಳಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಎಚ್ಚರಿಕೆಯ ದೀಪ ಕಂಡುಬಂದರೆ ಮುಂದುವರಿಯದೆ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕು.

ಕಾರು ನೀರಿನಲ್ಲಿ ನಿಂತುಬಿಟ್ಟರೆ

ಮೊದಲು ಜೀವ, ಅನಂತರ ಕಾರು. ನೀರು ಏರುತ್ತಿದ್ದರೆ ಒಂದು ಕ್ಷಣವೂ ಯೋಚಿಸದೆ ಕಿಟಕಿಯ ಗಾಜುಗಳನ್ನು ಇಳಿಸಬೇಕು. ವಿದ್ಯುತ್ ಗಾಜುಗಳು ಕೆಲಸಮಾಡುವ ಸಮಯ ಅತ್ಯಲ್ಪ. ಸೀಟು ಬೆಲ್ಟ್ ಬಿಡಿಸಿಕೊಂಡು, ಮಕ್ಕಳನ್ನು ಮೊದಲು ಹೊರಗೆ ಕಳುಹಿಸಿ, ಕಿಟಕಿಯ ಮೂಲಕ ಹೊರಬಂದು ಎತ್ತರದ ಸ್ಥಳಕ್ಕೋ, ಅದು ಸಾಧ್ಯವಾಗದಿದ್ದರೆ ಕಾರಿನ ಮೇಲ್ಛಾವಣಿಗೋ ಏರಬೇಕು. ಬಾಗಿಲು ತೆರೆಯಲು ಹೆಣಗಾಡುವುದು ವ್ಯರ್ಥ. ಒಂದು ಮೀಟರ್ ಅಗಲದ ಬಾಗಿಲಿಗೆ ಹೊರಗಿನಿಂದ ಅರ್ಧ ಮೀಟರ್ ಎತ್ತರದ ನೀರು ಹಾಕುವ ಒಟ್ಟು ಒತ್ತಡ ಸುಮಾರು 125 ಕಿಲೋ ತೂಕಕ್ಕೆ ಸಮ. ಗಾಜು ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಯನ್ನು ಚೂಪಾದ ಸುತ್ತಿಗೆಯಿಂದ ಒಡೆಯಬೇಕು. ಮುಂಭಾಗದ ಗಾಜು ಪದರಗಳದ್ದಾದ್ದರಿಂದ ಸುಲಭವಾಗಿ ಒಡೆದು ದಾರಿ ಕೊಡದು. ಅಂತಹ ಪುಟ್ಟ ಸುತ್ತಿಗೆಯೊಂದನ್ನು ಚಾಲಕನ ಕೈಗೆ ಎಟಕುವಂತೆ ಇಟ್ಟಿರುವುದು ಒಳಿತು.

ನೀರು ಏರದೆ, ಜೀವಕ್ಕೆ ಅಪಾಯವಿಲ್ಲದ ಸ್ಥಿತಿಯಲ್ಲಿ ಪವರ್ ಗುಂಡಿಯನ್ನು ಒತ್ತಿ ಕಾರನ್ನು ಸಂಪೂರ್ಣವಾಗಿ ಬಂದ್ ಮಾಡಬೇಕು. ಫಲಕದಲ್ಲಿ ಸಿದ್ಧಸ್ಥಿತಿಯ ದೀಪ ಆರಿದೆಯೇ ಎಂದು ನೋಡಬೇಕು. ಶಬ್ದವಿಲ್ಲವೆಂದ ಮಾತ್ರಕ್ಕೆ ಕಾರು ಬಂದ್ ಆಗಿದೆ ಎಂದರ್ಥವಲ್ಲ. ಸ್ಮಾರ್ಟ್ ಕೀಯನ್ನು ಕಾರಿನಿಂದ ದೂರಕ್ಕೆ ಒಯ್ಯಬೇಕು. ಅನಂತರ ಯಾವ ಕಾರಣಕ್ಕೂ ಮತ್ತೆ ಚಾಲೂ ಮಾಡಬಾರದು. ಮರುದಿನ ನೀರಿಳಿದ ಮೇಲೆ "ಒಮ್ಮೆ ನೋಡೋಣ" ಎಂದು ಗುಂಡಿ ಒತ್ತುವುದೂ ಇದರಲ್ಲಿ ಸೇರಿದೆ. ನೀರು ಹೊಕ್ಕ ಇಂಜಿನ್ನನ್ನು ತಿರುಗಿಸದೆ ಬಿಟ್ಟರೆ ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಕಳಚಿ ನೀರನ್ನು ಹೊರತೆಗೆದು, ಎಣ್ಣೆ ಬದಲಿಸಿ ಉಳಿಸಿಕೊಡುವ ಸಾಧ್ಯತೆಯಿದೆ. ತಿರುಗಿಸಿದ ಮೇಲೆ ಆ ಸಾಧ್ಯತೆ ಬಹುಮಟ್ಟಿಗೆ ಮುಗಿದಂತೆಯೇ.

ಕಾರನ್ನು ಹಗ್ಗ ಕಟ್ಟಿ ಎಳೆಸಕೂಡದು. ಮುಂಚಕ್ರಗಳು ನೆಲದ ಮೇಲೆ ಉರುಳಿದರೆ ಅವುಗಳಿಗೆ ಜೋಡಿಸಿದ ಮೋಟಾರೂ ತಿರುಗಿ ವಿದ್ಯುತ್ ಉತ್ಪಾದಿಸುತ್ತದೆ. ನಾಲ್ಕೂ ಚಕ್ರಗಳನ್ನು ಎತ್ತಿ ಸಾಗಿಸುವ ಫ್ಲಾಟ್‌ಬೆಡ್ ವಾಹನವನ್ನೇ ಕರೆಸಬೇಕು.

ಕರಾವಳಿಯ ಸದಸ್ಯರಿಗೆ ಒಂದು ಹೆಚ್ಚಿನ ಮಾತು. ಸಮುದ್ರದ ಉಪ್ಪುನೀರು ಮಳೆನೀರಿಗಿಂತ ಬಹಳ ಹಾನಿಕರ. 2012ರ ಅಕ್ಟೋಬರಿನಲ್ಲಿ ಅಮೆರಿಕದ ಸ್ಯಾಂಡಿ ಚಂಡಮಾರುತದ ಸಂದರ್ಭದಲ್ಲಿ ನ್ಯೂಜೆರ್ಸಿಯ ಬಂದರಿನಲ್ಲಿ ನಿಲ್ಲಿಸಿದ್ದ ಫಿಸ್ಕರ್ ಕರ್ಮಾ ಎಂಬ 16 ಪ್ಲಗ್‌ಇನ್ ಹೈಬ್ರಿಡ್ ಕಾರುಗಳು ಉಪ್ಪುನೀರಿನಲ್ಲಿ ಮುಳುಗಿದ ಬಳಿಕ ಸುಟ್ಟುಹೋದವು. ಮೂಲ ಕಾರಣ ದೊಡ್ಡ ಬ್ಯಾಟರಿಯಲ್ಲ, ಉಪ್ಪಿನಿಂದ ಕೆಟ್ಟ 12 ವೋಲ್ಟಿನ ನಿಯಂತ್ರಣ ಘಟಕ ಎಂದು ತಯಾರಕರು ತಿಳಿಸಿದರು. ಆದ್ದರಿಂದ ಉಪ್ಪುನೀರು ಕಂಡ ಕಾರನ್ನು ಗೋದಾಮಿನೊಳಗಾಗಲೀ ಇತರ ವಾಹನಗಳ ಪಕ್ಕದಲ್ಲಾಗಲೀ ನಿಲ್ಲಿಸದೆ ಬಯಲಿನಲ್ಲಿ ಪ್ರತ್ಯೇಕವಾಗಿಡುವುದು ಕ್ಷೇಮ.

ವಿಮೆಯ ಲೆಕ್ಕ

ಕೇವಲ ಮೂರನೇ ವ್ಯಕ್ತಿಯ ಹೊಣೆಗಾರಿಕೆಯ ಪಾಲಿಸಿಯಿಂದ ಪ್ರವಾಹದ ಹಾನಿಗೆ ಬಿಡಿಗಾಸೂ ದೊರೆಯದು. ಸಮಗ್ರ ಪಾಲಿಸಿಯ ಸ್ವಂತ ಹಾನಿಯ ಭಾಗದಲ್ಲಿ ಪ್ರವಾಹ, ಬಿರುಗಾಳಿ, ಚಂಡಮಾರುತಗಳು ಸೇರಿವೆ. ಆದರೆ ಅದೇ ಪಾಲಿಸಿಯಲ್ಲಿ ಎರಡು ಷರತ್ತುಗಳನ್ನು ಬಹಳ ಮಂದಿ ಓದಿರುವುದಿಲ್ಲ.

ಒಂದು, ಆನುಷಂಗಿಕ ನಷ್ಟ, ಸವಕಳಿ ಹಾಗೂ ಯಾಂತ್ರಿಕ ಅಥವಾ ವಿದ್ಯುತ್ ವೈಫಲ್ಯಗಳು ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ. ಎರಡು, ಅಪಘಾತ ಅಥವಾ ಕೆಟ್ಟುನಿಂತ ನಂತರ ಅಗತ್ಯ ದುರಸ್ತಿಯಾಗುವ ಮುನ್ನ ವಾಹನವನ್ನು ಚಲಾಯಿಸಿದರೆ ಅದರಿಂದ ಹೆಚ್ಚುವ ಹಾನಿಯು ವಿಮೆದಾರನ ಸ್ವಂತ ಹೊಣೆ. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಚಾಲೂ ಮಾಡಿ ಇಂಜಿನ್ ಮುರಿದರೆ, ಸರ್ವೇಯರ್ ಈ ಎರಡು ಷರತ್ತುಗಳನ್ನು ಮುಂದಿಡುವುದು ಸಹಜ. ಬಾಗಿದ ಕನೆಕ್ಟಿಂಗ್ ರಾಡೇ ಅವರಿಗೆ ಸಾಕ್ಷಿ.

ಉದಾಹರಣೆಗಾಗಿ ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ಷೋರೂಂ ಬೆಲೆ ₹20,00,000 ಇರುವ, ಎರಡು ವರ್ಷ ಮೀರಿ ಮೂರು ವರ್ಷದೊಳಗಿನ ಕಾರು. ರೂಢಿಯ ಕೋಷ್ಟಕದಂತೆ ಶೇಕಡಾ 30 ಕಳೆದು ಅದರ ವಿಮಾ ಘೋಷಿತ ಮೌಲ್ಯ ₹14,00,000. ದುರಸ್ತಿಯ ವೆಚ್ಚ ಇದರ ಶೇಕಡಾ 75ನ್ನು, ಅಂದರೆ ₹10,50,000ವನ್ನು ಮೀರಿದರೆ ಮಾತ್ರ ಪೂರ್ಣ ನಷ್ಟವೆಂದು ಪರಿಗಣನೆ. ತೆರಿಗೆಯೂ ಸೇರಿದಂತೆ ದುರಸ್ತಿಯ ಬಿಲ್ಲು ₹7,00,000 ಬಂದಿದೆ. ಹೆಚ್ಚುವರಿ ರಕ್ಷಣೆ ಯಾವುದೂ ಇಲ್ಲ. ಕಾರನ್ನು ನೀರಿನಲ್ಲಿ ಮತ್ತೆ ಚಾಲೂ ಮಾಡಲಾಗಿದೆ ಎಂದುಕೊಳ್ಳೋಣ.

ಕೂಲಿ ಮತ್ತು ಶುಚಿಗೊಳಿಸುವಿಕೆ ₹60,000: ಪೂರ್ತಿ ಸಂದಾಯ, ₹60,000.
ನಿಯಂತ್ರಣ ಘಟಕ ಮತ್ತಿತರ ಭಾಗಗಳು ₹1,40,000: ಶೇಕಡಾ 15 ಸವಕಳಿ ಕಳೆದು ₹1,19,000.
ರಬ್ಬರು ಮತ್ತು ಪ್ಲಾಸ್ಟಿಕ್ ಭಾಗಗಳು ₹40,000: ಶೇಕಡಾ 50 ಕಳೆದು ₹20,000.
ಹೈಬ್ರಿಡ್ ಬ್ಯಾಟರಿ ₹1,60,000: ಬ್ಯಾಟರಿಗೆ ಅನ್ವಯಿಸುವ ಶೇಕಡಾ 50 ಕಳೆದು ₹80,000.
ಇಂಜಿನ್ನಿನ ಒಳಭಾಗಗಳು ₹3,00,000: ತಿರಸ್ಕೃತ.
ಮೊತ್ತ ₹2,79,000. ಕಡ್ಡಾಯ ಕಡಿತ ₹2,000 ಕಳೆದು ವಿಮಾ ಕಂಪನಿಯಿಂದ ದೊರೆಯುವುದು ₹2,77,000.

ಉಳಿದ ₹4,23,000 ಮಾಲೀಕರ ಜೇಬಿನಿಂದಲೇ ಹೋಗಬೇಕು. ಇದರಲ್ಲಿ ₹3,00,000 ಒಂದು ಗುಂಡಿಯನ್ನು ಒತ್ತಿದ ಬೆಲೆ.

ಈ ನಷ್ಟವನ್ನು ತಡೆಯಲು ಪಾಲಿಸಿಯ ನವೀಕರಣದ ವೇಳೆ ಎರಡು ಹೆಚ್ಚುವರಿ ರಕ್ಷಣೆಗಳನ್ನು ಪರಿಶೀಲಿಸಬೇಕು: ಇಂಜಿನ್ ರಕ್ಷಣೆ ಮತ್ತು ಶೂನ್ಯ ಸವಕಳಿ. ಹೈಬ್ರಿಡ್ ಕಾರಿನ ಮಾಲೀಕರು ವಿಮಾ ಕಂಪನಿಗೆ ಈ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಿ, ಲಿಖಿತ ಉತ್ತರವನ್ನೇ ಪಡೆಯಬೇಕು. ಇಂಜಿನ್ ರಕ್ಷಣೆಯಲ್ಲಿ ವಿದ್ಯುತ್ ಮೋಟಾರು ಮತ್ತು ಇನ್ವರ್ಟರ್ ಸೇರಿವೆಯೇ? ಹೈಬ್ರಿಡ್ ಬ್ಯಾಟರಿಗೆ ಶೂನ್ಯ ಸವಕಳಿ ಅನ್ವಯಿಸುವುದೇ, ಅಥವಾ ಅದಕ್ಕೆ ಪ್ರತ್ಯೇಕ ರಕ್ಷಣೆ ಬೇಕೇ? ನೀರಿನಲ್ಲಿ ನಿಂತ ಬಳಿಕ ಮತ್ತೆ ಚಾಲೂ ಮಾಡಿದ ಸಂದರ್ಭವನ್ನು ಷರತ್ತು ಹೇಗೆ ನೋಡುತ್ತದೆ? ಏಜೆಂಟರ ಬಾಯಿಮಾತಿನ ಭರವಸೆ ಕ್ಲೇಮಿನ ದಿನ ಕೆಲಸಕ್ಕೆ ಬಾರದು. ಅಂತೆಯೇ, ನೋಂದಣಿಯ ವೇಳೆ ತೆತ್ತ ಜೀವಾವಧಿ ತೆರಿಗೆಯು ವಿಮಾ ಘೋಷಿತ ಮೌಲ್ಯದಲ್ಲಿ ಸೇರಿರುವುದಿಲ್ಲ. ನಮ್ಮ ರಾಜ್ಯದಲ್ಲಿ ಅದು ಸಣ್ಣ ಮೊತ್ತವಲ್ಲ. ಖರೀದಿ ಬೆಲೆಯನ್ನು ಮರಳಿಸುವ ರಕ್ಷಣೆಯನ್ನು ಪಡೆಯುವಾಗ ಅದು ಸೇರಿದೆಯೇ ಎಂದು ನೋಡಬೇಕು.

ಕ್ಲೇಮಿನ ದಿನ ಕಾರು ನಿಂತ ಸ್ಥಳದಲ್ಲಿ, ನೀರಿನ ಮಟ್ಟ ಕಾಣುವಂತೆ ಚಿತ್ರಗಳನ್ನು ತೆಗೆದು, ತಡಮಾಡದೆ ವಿಮಾ ಕಂಪನಿಗೆ ತಿಳಿಸಿ ಕ್ಲೇಮ್ ಸಂಖ್ಯೆ ಪಡೆಯಬೇಕು. ಸರ್ವೇಯರ್ ನೋಡುವ ಮುನ್ನ ಯಾವ ಭಾಗವನ್ನೂ ಕಳಚಿಸಬಾರದು. ಕ್ಲೇಮ್ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಪಡೆದು ಮೊದಲು ಕಂಪನಿಗೆ ದೂರು ನೀಡಬೇಕು. ಅಲ್ಲಿ ಪರಿಹಾರ ದೊರೆಯದಿದ್ದರೆ ವ್ಯಕ್ತಿಗಳು ಮಾತ್ರವಲ್ಲದೆ ಏಕಮಾಲೀಕ ಸಂಸ್ಥೆಗಳು ಹಾಗೂ ಸೂಕ್ಷ್ಮ ಉದ್ಯಮಗಳು ಕೂಡ ವಿಮಾ ಒಂಬಡ್ಸ್‌ಮನ್ ಅವರನ್ನು ಸಂಪರ್ಕಿಸಬಹುದು. ಇದಕ್ಕೆ ಶುಲ್ಕವಿಲ್ಲ. ಅವರ ಕಚೇರಿ ಬೆಂಗಳೂರಿನಲ್ಲಿಯೂ ಇದೆ.

ತೆರಿಗೆಯ ದೃಷ್ಟಿಯಿಂದ

ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ಖರೀದಿಯ ಮೇಲೆ ಸಾಮಾನ್ಯ ವರ್ತಕರಿಗೆ ಜಿ.ಎಸ್.ಟಿ.ಯ ಹೂಡುವಳಿ ತೆರಿಗೆ ಜಮೆ ದೊರೆಯದು. ಅಂತಹ ವಾಹನಗಳ ವಿಮೆ ಮತ್ತು ದುರಸ್ತಿಗೆ ತೆತ್ತ ತೆರಿಗೆಗೂ ಇದೇ ನಿಯಮ. ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿ ವೃತ್ತಿಯವರಿಗೆ ಮಾತ್ರ ವಿನಾಯಿತಿಗಳಿವೆ. ಇದರ ಫಲಿತಾರ್ಥವೆಂದರೆ ದುರಸ್ತಿಯ ಬಿಲ್ಲಿನ ಮೇಲಿನ ತೆರಿಗೆಯೂ ನಮಗೆ ವೆಚ್ಚವೇ. ಆದುದರಿಂದ ಕ್ಲೇಮಿನಲ್ಲಿ ತೆರಿಗೆಯ ಮೊತ್ತವನ್ನೂ ಸೇರಿಸಿ ಕೇಳಬೇಕು. ಜಮೆ ಪಡೆದಿಲ್ಲವೆಂಬ ದೃಢೀಕರಣವನ್ನು ಕಂಪನಿಯು ಅಪೇಕ್ಷಿಸಿದರೆ ಒದಗಿಸಬೇಕು.

ಆದಾಯ ತೆರಿಗೆಯಲ್ಲಿ, ವ್ಯವಹಾರಕ್ಕೆ ಬಳಸುವ ಕಾರಿನ ದುರಸ್ತಿ ವೆಚ್ಚದಿಂದ ವಿಮಾ ಪರಿಹಾರವನ್ನು ಕಳೆದು ಉಳಿದುದನ್ನು ಮಾತ್ರ ಖರ್ಚಾಗಿ ತೋರಿಸಬೇಕು. ಪೂರ್ಣ ನಷ್ಟವಾದರೆ ಬಂದ ಪರಿಹಾರ ಹಾಗೂ ಗುಜರಿ ಮೌಲ್ಯವನ್ನು ಆಯಾ ಆಸ್ತಿ ಗುಂಪಿನ ಸವಕಳಿ ಕಳೆದ ಮೌಲ್ಯದಿಂದ ಕಳೆಯಬೇಕು. ಗುಂಪಿನ ಮೌಲ್ಯಕ್ಕಿಂತ ಪರಿಹಾರ ಹೆಚ್ಚಾದರೆ ಆ ಹೆಚ್ಚಳವು ಅಲ್ಪಾವಧಿ ಬಂಡವಾಳ ಲಾಭವಾಗಿ ತೆರಿಗೆಗೆ ಒಳಪಡುತ್ತದೆ. ಹಲವು ವರ್ಷ ಸವಕಳಿ ಪಡೆದ ಹಳೆಯ ಕಾರುಗಳಲ್ಲಿ ಇದು ಸಂಭವನೀಯ. ಮುಂಗಡ ತೆರಿಗೆಯ ಲೆಕ್ಕದಲ್ಲಿ ಇದನ್ನು ಮರೆಯಬಾರದು.

ಮಾಲೀಕರ ಕರ್ತವ್ಯ

ಮೇಲಿನ ಸೂಚನೆಗಳೆಲ್ಲ ಸ್ಟಿಯರಿಂಗ್ ಹಿಡಿದವರಿಗೆ ಸಂಬಂಧಿಸಿದವು. ಆದರೆ ನಮ್ಮ ಅನೇಕ ಸಂಸ್ಥೆಗಳಲ್ಲಿ ಸ್ಟಿಯರಿಂಗ್ ಹಿಡಿಯುವವನು ಸಂಬಳದ ಚಾಲಕ, ನಿರ್ಧಾರ ಕೈಗೊಳ್ಳುವವರು ಹಿಂದಿನ ಆಸನದ ಮಾಲೀಕರು. ಬ್ಯಾಂಕಿನ ಭೇಟಿಗೆ ತಡವಾಗುತ್ತಿದೆ, ವಿಮಾನಕ್ಕೆ ಹೊತ್ತಾಗುತ್ತಿದೆ ಎಂದು "ಹೋಗಪ್ಪಾ, ಮುಂದಿನವರು ಹೋಗುತ್ತಿಲ್ಲವೇ" ಎಂದರೆ ಚಾಲಕನು ತನ್ನ ವಿವೇಕವನ್ನು ಬದಿಗಿಟ್ಟು ನೀರಿಗಿಳಿಯುತ್ತಾನೆ. ಕಾರು ನಿಂತ ಮೇಲೆ ಬೈಗುಳಕ್ಕೆ ಹೆದರಿ ಪುನಃ ಪುನಃ ಗುಂಡಿ ಒತ್ತುತ್ತಾನೆ.

ಆದುದರಿಂದ ಮಳೆಗಾಲ ಆರಂಭವಾಗುವ ಮುನ್ನ ಪ್ರತಿ ಸಂಸ್ಥೆಯೂ ತನ್ನ ಚಾಲಕರಿಗೆ ಕನ್ನಡದಲ್ಲಿ ಒಂದು ಪುಟದ ಲಿಖಿತ ಸೂಚನೆ ನೀಡುವುದು ಉಚಿತ. ನೀರು ಕಂಡು ಹಿಂದಿರುಗುವ ಅಧಿಕಾರ ಚಾಲಕನದು, ಅದಕ್ಕಾಗಿ ಆತನನ್ನು ಯಾರೂ ಆಕ್ಷೇಪಿಸುವುದಿಲ್ಲ. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಚಾಲೂ ಮಾಡಬಾರದು. ಮೊದಲು ಜನರು ಹೊರಬರಬೇಕು, ಆಮೇಲೆ ದೂರವಾಣಿ ಕರೆ. ಜೊತೆಗೆ ವಿಮಾ ಕಂಪನಿಯ ಮತ್ತು ಫ್ಲಾಟ್‌ಬೆಡ್ ಸೇವೆಯ ದೂರವಾಣಿ ಸಂಖ್ಯೆಗಳು. ಕಚೇರಿಯ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರು ಭಾರಿ ಮಳೆಯ ಮುನ್ಸೂಚನೆಯ ದಿನ ಅದನ್ನು ಎತ್ತರದ ಸ್ಥಳಕ್ಕೆ ಸಾಗಿಸುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು.

ಒಂದು ಗಂಟೆ ಕಾಯುವುದರಿಂದ ಆಗುವ ನಷ್ಟವನ್ನು ಯಾವ ವರ್ತಕರೂ ಸುಲಭವಾಗಿ ಲೆಕ್ಕ ಹಾಕಬಲ್ಲರು. ಅದನ್ನು ಮರುದಿನದ ದುಡಿಮೆಯಿಂದ ತುಂಬಿಕೊಳ್ಳಲೂಬಲ್ಲರು. ಮುರಿದ ಇಂಜಿನ್ನಿನ ನಷ್ಟ ತುಂಬಲು ವರ್ಷ ಬೇಕಾದೀತು. ಕೆಳಸೇತುವೆಯ ನೀರಿನಲ್ಲಿ ಹೋದ ಜೀವವನ್ನು ತುಂಬಿಕೊಡುವ ಪಾಲಿಸಿಯನ್ನು ಯಾವ ವಿಮಾ ಕಂಪನಿಯೂ ಮಾರುತ್ತಿಲ್ಲ. ಸದಸ್ಯರು ಈ ಮಳೆಗಾಲಕ್ಕೆ ಮೊದಲು ತಮ್ಮ ಪಾಲಿಸಿಯನ್ನೊಮ್ಮೆ ಓದಿ, ತಮ್ಮ ಚಾಲಕರೊಡನೆ ಹತ್ತು ನಿಮಿಷ ಕುಳಿತು ಮಾತನಾಡಬೇಕಾಗಿ ವಿನಂತಿ.